ಅನ್ನಛತ್ರದ ಗೋಡೆ

ಬುರ್ಸಾ
೧೪ ನವೆಂಬರ್ ೧೯೯೬

ಪ್ರೀತಿಯ ಬೆಹಿಜೆ,

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಲಕೋಟೆ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಯಿತು. ನಿನ್ನ ಅಕ್ಷರಗಳು ಇವತ್ತಿಗೂ ಬಲಕ್ಕೆ ವಾಲುತ್ತವೆ. ಅದಕ್ಕಾಗಿ ಮೂರನೇ ತರಗತಿಯಲ್ಲಿ ನೀನು ಅಂಗೈ ಮೇಲೆ ಏಟು ತಿನ್ನುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಬಿಚ್ಚಿದರೆ ಒಳಗೆ "ಮಾನ್ಯ ನೆಜಾಹತ್ ಅವರಿಗೆ" ಎಂದಿತ್ತು. ನೀನು ಇನ್ನು ಹೇಗೆ ಬರೆಯಬೇಕಿತ್ತು? ಇಜ್ಮಿರ್‌ಗೆ ಹೋದ ಮೇಲೆ ನೀನು ಬರೆದ ಮೂರು ಕಾಗದಗಳಿಗೂ ಉತ್ತರ ಕೊಡದೆ ಮೂವತ್ತೊಂದು ವರ್ಷ ಕಳೆದವಳು ನಾನು. ಆದರೂ ಆ ಸಾಲು ಓದಿ ಅಡುಗೆಮನೆಗೆ ಹೋದೆ, ನಲ್ಲಿ ತಿರುಗಿಸಿದೆ, ನೀರು ಹರಿಯುವುದನ್ನು ನೋಡುತ್ತಾ ನಿಂತೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಅಡುಗೆಮನೆಯ ಕಿಟಕಿ ಹಮಾಮಿನ ನೀರೊಲೆಯ ಹೊಗೆಗೂಡಿನ ಕಡೆಗೇ ಇತ್ತು. ನೀನು ಹೇಳಿದ್ದೇ ಸರಿ. ಆದರೆ ಫಿಕ್ರಿ ಹೇಳುವುದೂ ಸುಳ್ಳಲ್ಲ. ಅವನು ಮಲಗುತ್ತಿದ್ದ ಅಟ್ಟದಲ್ಲಿ ತಲೆದಿಂಬಿನ ಮೇಲೆ ಒಂದು ಸಣ್ಣ ಬೆಳಕಿಂಡಿ ಇತ್ತು, ಅದರಿಂದ ಮಸೀದಿಯ ದೊಡ್ಡ ಗುಮ್ಮಟ ಕಾಣುತ್ತಿತ್ತು. ಹಾಸಿಗೆ ಹಿಡಿದಿರುವ ತಮ್ಮನ ಹತ್ತಿರ ಅಷ್ಟಕ್ಕೆಲ್ಲ ವಾದ ಮಾಡಬೇಡ. ನೀನು ಕೇಳಿದ ಮನೆಯ ನಕ್ಷೆಯನ್ನು ಈ ಕಾಗದದ ಜೊತೆಗೇ ಮಡಿಸಿ ಇಟ್ಟಿದ್ದೇನೆ. ಒಲೆ, ಮಾಡುಗೂಡು, ಮೆಟ್ಟಿಲ ಕೆಳಗಿನ ಕಲ್ಲಿದ್ದಲ ಗೂಡು, ಬಾಗಿಲಿನ ಎಡಕ್ಕಿದ್ದ ನೀರಿನ ಜಾಡಿಯ ಜಾಗ, ಎಲ್ಲ ಅದರಲ್ಲಿದೆ. ಅವನಿಗೆ ತೋರಿಸು.

ನಕ್ಷೆ ಕಳಿಸಿ ಸುಮ್ಮನಿರಬಹುದಿತ್ತು. ಅದನ್ನೇ ಮಾಡಲು ಹೊರಟಿದ್ದೆ. ಲಕೋಟೆಗೆ ಅಂಟೂ ಹಾಕಿದ್ದೆ. ಆದರೆ ಆ ನಕ್ಷೆ ನನ್ನ ಹತ್ತಿರ ಯಾಕಿದೆ ಎಂದು ನಿನಗೆ ಗೊತ್ತಾಗಬೇಕು. ಈ ಕಾಗದ ಉದ್ದವಾಗುತ್ತದೆ. ನಿನ್ನ ಕೆಲಸ ಮುಗಿಸಿ, ಒಬ್ಬಳೇ ಇರುವಾಗ ಓದು.

ಕೊಪ್ಪರಿಗೆ ಓಣಿಯಲ್ಲಿ ನಾನು ಕೆಳಗಿನ ತುದಿ, ನೀನು ಮೇಲಿನ ತುದಿ. ನಮ್ಮಪ್ಪ ಮೆಲೆಕ್ ಹಾತೂನ್ ಮಸೀದಿಯ ಕಸ ಗುಡಿಸಿ ದೀಪ ನೋಡಿಕೊಳ್ಳುವವನು. ನಮಗಿದ್ದದ್ದು ಒಂದು ಕೋಣೆ, ಅದೂ ಮದರಸಾದ ಹಳೆಯ ವಿದ್ಯಾರ್ಥಿ ಕೋಣೆಗಳಲ್ಲಿ ಕೊನೆಯದು, ಸೂರ್ಯ ಕಾಣದ್ದು. ನೀವು ಹನ್ನೊಂದು ಮನೆಯವರು ಅನ್ನಛತ್ರದ ದಕ್ಷಿಣ ಗೋಡೆಗೆ ಬೆನ್ನು ಕೊಟ್ಟುಕೊಂಡು ಸಾಲಾಗಿ ಕೂತಿದ್ದಿರಿ. ಆರು ನೂರು ವರ್ಷದ ಹಿಂದೆ ಬಡವರಿಗೆ ಗಂಜಿ ಬೇಯಿಸುತ್ತಿದ್ದ ದೊಡ್ಡ ಒಲೆಯ ಗೋಡೆಯೇ ನಿನ್ನಮ್ಮನ ಅಡುಗೆಮನೆಯ ಹಿಂಗೋಡೆ. ಒಂದು ಸಾಲು ಕಲ್ಲು, ಮೂರು ಸಾಲು ಇಟ್ಟಿಗೆ, ಮತ್ತೆ ಕಲ್ಲು. ನಿನ್ನಮ್ಮ ಅದಕ್ಕೆ ಪ್ರತಿ ವಸಂತದಲ್ಲೂ ಸುಣ್ಣ ಬಳಿಯುತ್ತಿದ್ದಳು, ಆದರೂ ಇಟ್ಟಿಗೆಯ ಕೆಂಪು ಒಳಗಿಂದ ಇಣುಕುತ್ತಿತ್ತು.

ಮಸೀದಿ ನಮ್ಮ ಆಟದ ಮನೆಯಾಗಿತ್ತು. ನಮಾಜಿಲ್ಲದ ಹೊತ್ತಿನಲ್ಲಿ ಅಪ್ಪ ನಮ್ಮನ್ನು ಒಳಗೆ ಬಿಡುತ್ತಿದ್ದ. ಮೊದಲ ಗುಮ್ಮಟದ ಕೆಳಗಿನ ಕೊಳದಲ್ಲಿ ನಾವು ಹಿಪ್ಪುನೇರಳೆ ಹಣ್ಣು ತೇಲಿಸಿ, ಯಾರದು ಮೊದಲು ಮುಳುಗುತ್ತದೆ ಎಂದು ನೋಡುತ್ತಿದ್ದೆವು. ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಅಗ್ಗಿಷ್ಟಿಕೆ ಇದ್ದವು. ದೇವರ ಮನೆಯಲ್ಲಿ ಒಲೆ ಯಾಕೆ ಎಂದು ನಾನು ಅಪ್ಪನನ್ನು ಕೇಳಿದ್ದೆ. ಬೆಟ್ಟ ಇಳಿದು ಬಂದ ದಾರಿಹೋಕನಿಗೆ ಮೊದಲು ಚಳಿ ಬಿಡಬೇಕು, ನಮಾಜು ಆಮೇಲೆ ಎಂದಿದ್ದ. ಕಟ್ಟಡದ ಬಗ್ಗೆ ನನಗೆ ಮುಂದೆ ಯಾವ ಪ್ರಾಧ್ಯಾಪಕರೂ ಅದಕ್ಕಿಂತ ಸರಿಯಾದ ಮಾತು ಹೇಳಲಿಲ್ಲ.

ನಿನ್ನ ಮುತ್ತಜ್ಜಿ ಯುದ್ಧದ ಕಾಲದಲ್ಲಿ ಊರು ಬಿಟ್ಟು ಫಿಲಿಬೆಯಿಂದ ಎತ್ತಿನ ಗಾಡಿಯಲ್ಲಿ ಬಂದು ಇಳಿದ ಕಥೆ ನಿನಗೆ ಗೊತ್ತು. ಭೂಕಂಪದಲ್ಲಿ ಬಿರಿದು ಪಾಳುಬಿದ್ದಿದ್ದ ಅನ್ನಛತ್ರದ ಮುಂದೆ ಮಕ್ಕಳನ್ನು ಕಟ್ಟಿಕೊಂಡು ಕೂತವಳಿಗೆ ವಕ್ಫ್ ನೋಡಿಕೊಳ್ಳುತ್ತಿದ್ದ ಮುದುಕ ಹೇಳಿದನಂತೆ, ಬಂದವರಿಗೆ ಮೂರು ದಿನ ಅನ್ನ, ನೆರಳು ಕೊಡಬೇಕೆಂದು ಇದನ್ನೆಲ್ಲ ಕಟ್ಟಿಸಿದ ಮೆಲೆಕ್ ಹಾತೂನ್ ದಾನಪತ್ರದಲ್ಲಿ ಬರೆಸಿದ್ದಾಳೆ, ಆದರೆ ಆ ಮೂರು ದಿನ ಯಾವಾಗ ಮುಗಿಯುತ್ತದೆಂದು ಎಣಿಸಲು ಯಾರನ್ನೂ ನೇಮಿಸಿಲ್ಲ, ಗೋಡೆಗೆ ಆತು ಒಂದು ಸೂರು ಕಟ್ಟಿಕೊಳ್ಳಿ ಎಂದು. ನಿನ್ನಮ್ಮ ಶಾದಿಯೆ ಚಿಕ್ಕಮ್ಮ ಇದನ್ನು ಎಷ್ಟು ಸಲ ಹೇಳಿ ನಕ್ಕಿಲ್ಲ! ಯಾರಾದರೂ ಮನೆ ಯಾವಾಗ ರಿಪೇರಿ ಮಾಡಿಸುತ್ತೀರಿ ಎಂದರೆ, ನಾವು ಮೂರು ದಿನದ ನೆಂಟರು, ನಮಗ್ಯಾಕೆ ರಿಪೇರಿ ಎನ್ನುತ್ತಿದ್ದಳು.

ಆ ಮನೆಯ ಅನ್ನ ನಾನು ತಿಂದಿದ್ದೇನೆ. ನಮ್ಮಮ್ಮ ಹೋದ ಮೇಲೆ ನಾಲ್ಕು ವರ್ಷ, ಶಾಲೆಯಿಂದ ಬಂದರೆ ನನ್ನ ತಟ್ಟೆ ನಿಮ್ಮ ಮಣೆಯ ಮೇಲೆ ಇರುತ್ತಿತ್ತು. ಲೀಕ್ ಈರುಳ್ಳಿಯ ಪಲ್ಯ, ಮೊಸರು, ಬೀನ್ಸ್ ಸಾರು. ಇಸ್ತಾಂಬುಲ್‌ಗೆ ಓದಲು ಹೊರಟಾಗ ನನ್ನ ಕೋಟಿಗೆ ಗುಂಡಿ ಹೊಲಿದವಳು ಅವಳು. ಇದನ್ನೆಲ್ಲ ನಿನಗೆ ನೆನಪಿಸಬೇಕಾಗಿಲ್ಲ. ನನಗೆ ನೆನಪಿದೆ ಎಂದು ಹೇಳುತ್ತಿದ್ದೇನೆ.

ಅರವತ್ತಮೂರರಲ್ಲಿ ವಾಸ್ತುಶಿಲ್ಪಿಯಾಗಿ ವಾಪಸು ಬಂದೆ. ಹಳೆಯ ಕಟ್ಟಡಗಳ ದುರಸ್ತಿ ನೋಡಿಕೊಳ್ಳುವ ಕಚೇರಿಯಲ್ಲಿ ನನ್ನ ಮೇಲಿದ್ದವರು ನುಸ್ರೆತ್ ಬೇ. ಇಡೀ ಆವರಣವನ್ನು, ಮಸೀದಿ, ಮದರಸಾ, ಹಮಾಮು, ಅನ್ನಛತ್ರ, ಸಮಾಧಿ ಎಲ್ಲವನ್ನೂ, ಕಟ್ಟಿದ ಮೊದಲ ದಿನ ಹೇಗಿತ್ತೋ ಹಾಗೆ ಮಾಡಬೇಕೆಂದು ಅವರ ಆಸೆ. ಅದಕ್ಕೆ ಅಡ್ಡ ಬಂದದ್ದು ಹನ್ನೊಂದು ಮನೆ. ಬೆಹಿಜೆ, ನಿನಗೆ ಇಷ್ಟು ವರ್ಷ ಅನ್ನಿಸಿರಬಹುದು, ಪಾಪ ನೆಜಾ, ಹೊಸಬಳು, ದೊಡ್ಡವರು ಹೇಳಿದ್ದನ್ನು ಮಾಡಿದಳು ಎಂದು. ಹಾಗಲ್ಲ. ಮನೆಗಳನ್ನು ತೆಗೆಯಬೇಕೆಂದು ನನಗೂ ಅನ್ನಿಸಿತ್ತು. ಬಟ್ಟೆ ಒಣಗಿಸುವ ಹಗ್ಗ, ಡಬ್ಬದ ತಗಡು, ಕೋಳಿಗೂಡು, ಅವುಗಳ ಹಿಂದೆ ಅಷ್ಟು ಚೆಂದದ ಗೋಡೆ ಉಸಿರುಗಟ್ಟಿ ನಿಂತಿದೆ ಎಂದು ನಾನೇ ವರದಿಯಲ್ಲಿ ಬರೆದೆ. ಇಸ್ತಾಂಬುಲ್‌ನ ಗೆಳತಿಯರಿಗೆ ನಾನು ಹುಟ್ಟಿದ ಓಣಿ ತೋರಿಸಲು ನನಗೆ ನಾಚಿಕೆಯಾಗುತ್ತಿತ್ತು. ಅದನ್ನು ಒರೆಸಿಹಾಕುವ ಅವಕಾಶ ಕೈಗೆ ಬಂದಾಗ ಅದಕ್ಕೆ ವಿದ್ಯೆಯ ಹೆಸರು ಕೊಟ್ಟೆ. ಕೆಡವಬೇಕಾದ್ದನ್ನು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ತೋರಿಸುವ ಪದ್ಧತಿ. ಹನ್ನೊಂದು ಮನೆಗೂ ಕೆಂಪು ಎಳೆದದ್ದು ನನ್ನ ಕೈ.

ನಿನ್ನ ಮನೆಯನ್ನು ಕೊನೆಗೆ ಅಳೆದೆ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿದವಳು ನೀನು. ನೀನು ಮಾಡುಗೂಡಿನ ಹತ್ತಿರ ನಿಂತು, ತಲೆ ಎತ್ತದೆ, "ಕೆಡವೋಕೆ ಅಳೀತಿದ್ದೀಯೇನೇ?" ಎಂದು ಕೇಳಿದೆ. "ಇಲ್ವೇ, ದಾಖಲೆಗೆ" ಎಂದೆ ನಾನು. ನೀನು ನಂಬಿದೆ. ನಿನ್ನಮ್ಮ ಒಳಗಿಂದ, ಅಳೆದದ್ದು ಸಾಕು, ಸಾರು ಆರುತ್ತದೆ ಎಂದು ಕೂಗಿದಳು. ನಾನು ಕೂತು ಉಂಡೆ.

ಅವತ್ತು ಮಧ್ಯಾಹ್ನ ರಾಮಿಜ್ ಮೇಸ್ತ್ರಿ ಬಂದಿದ್ದ. ಕೆಡವುವ ಕೆಲಸ ಅವನದೇ ಎಂದು ಕಚೇರಿಯಲ್ಲಿ ಆಗಲೇ ತೀರ್ಮಾನವಾಗಿತ್ತು. ಅನ್ನಛತ್ರದ ಗೋಡೆಯ ನೆತ್ತಿಗೆ ಕೈ ಸಿಗುತ್ತಿದ್ದದ್ದು ಫಿಕ್ರಿಯ ಅಟ್ಟದಿಂದ ಮಾತ್ರ, ಹಾಗಾಗಿ ಇಬ್ಬರೂ ಅಲ್ಲಿಗೆ ಹತ್ತಿದೆವು. ಹೆಂಚು ಸರಿಸಿ ನಾನು ತೂಗುಗುಂಡಿನ ನೂಲು ಇಳಿಬಿಟ್ಟೆ. ಅವನು ಕೆಳಗಿಳಿದು ಗುಂಡು ಹಿಡಿದು ನಿಲ್ಲಿಸಿದ. ಐದು ಮೀಟರ್ ಎತ್ತರಕ್ಕೆ ಗೋಡೆ ನಿಮ್ಮ ಮನೆಗಳ ಕಡೆಗೆ ಹದಿನೇಳು ಸೆಂಟಿಮೀಟರ್ ವಾಲಿತ್ತು. ಇನ್ನೊಂದು ಸಲ ನೋಡಿದೆವು. ಹದಿನೇಳೇ.

ಮೇಸ್ತ್ರಿ ಮೀಸೆ ಮೇಲಿನ ಸುಣ್ಣ ಒರೆಸಿಕೊಂಡು ಹೇಳಿದ. "ಎಂಜಿನಿಯರಮ್ಮ, ಗೋಡೆ ಮನೆಗಳನ್ನ ಹೊತ್ಕೊಂಡಿದೆ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ನಂಗ್ಯಾಕೋ ಮನೆಗಳೇ ಗೋಡೇನ ಹೊತ್ಕೊಂಡಿವೆ ಅನ್ಸುತ್ತೆ."

ಅವನು ಹೇಳಿದ್ದು ನಿಜವೆಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ಭೂಕಂಪದಲ್ಲಿ ಹೊರಕ್ಕೆ ಬಾಗಿದ ಗೋಡೆ, ಆಮೇಲೆ ಬಂದ ನಿನ್ನ ಮುತ್ತಜ್ಜಿಯಂಥವರು ಅದರೊಳಗೆ ತೊಲೆ ಕೊಟ್ಟು ಕಟ್ಟಿದ ಮನೆಗಳು. ನೆರಳು ಬೇಡಿ ಬಂದವರು ಎಂಬತ್ತು ವರ್ಷದಿಂದ ಅನ್ನಛತ್ರಕ್ಕೆ ಹೆಗಲು ಕೊಟ್ಟು ನಿಂತಿದ್ದರು. ನಾನು ಅಳತೆ ಪುಸ್ತಕದಲ್ಲಿ ಅಂಕಿ ಬರೆದೆ, ತಾರೀಕು ಹಾಕಿದೆ, ಇಬ್ಬರ ಹೆಸರೂ ಬರೆದೆ.

ನುಸ್ರೆತ್ ಬೇ ಅವರಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಕಾಫಿ ತರಿಸಿದರು. ಮೇ ತಿಂಗಳಲ್ಲಿ ಹೊರದೇಶದ ತಜ್ಞರು ನೋಡಲು ಬರುವುದಿತ್ತು. ಅಂಕಿ ನಕ್ಷೆಯ ಹಾಳೆಯ ಮೇಲೆ ಬಂದರೆ ಕೆಲಸ ಮೂರು ವರ್ಷ ನಿಲ್ಲುತ್ತದೆ, ಬಂದವರಿಗೆ ಊರುಗೋಲು ಕೊಟ್ಟ ಗೋಡೆ ತೋರಿಸಬೇಕಾಗುತ್ತದೆ ಎಂದರು. ಮೇಲಿನಿಂದ ಯಾರಾದರೂ ಬಂದು, ಹುಡುಗಿಯ ಕೈ ನಡುಗಿ ನೂಲು ಅಲ್ಲಾಡಿತು ಎಂದರೆ ನಿನ್ನ ಹೆಸರು ಮೊದಲ ವರ್ಷವೇ ಕೆಡುತ್ತದೆ ಎಂದೂ ಅಂದರು. ಕೊನೆಗೆ ಹೇಳಿದ್ದು ಇಷ್ಟೇ. "ನೀನು ಹುಟ್ಟಿ ಬೆಳೆದ ಜಾಗ ಅದು. ನಾನೇನೂ ಹೇಳಲ್ಲ. ಯೋಚ್ನೆ ಮಾಡಿ ಬರೆ."

ಅದು ಆಜ್ಞೆಯಲ್ಲ. ಆಜ್ಞೆಯಾಗಿದ್ದರೆ ಇವತ್ತು ನನಗೆ ಎಷ್ಟು ಹಗುರವಾಗುತ್ತಿತ್ತು. ನಾನು ಒಂದು ಸಂಜೆ ಯೋಚಿಸಿದೆ. ಮಾರನೇ ದಿನ ಅಳತೆಪಟ್ಟಿ ಇಟ್ಟು ನಕ್ಷೆಯಲ್ಲಿ ಆ ಗೋಡೆಯನ್ನು ನೆಟ್ಟಗೆ ಎಳೆದೆ. ಹಾಳೆಯ ಕೆಳಗೆ ನನ್ನ ಹೆಸರು ಬರೆದೆ.

ನೋಟೀಸು ಬಂದ ದಿನ ನಾನು ನಿಮ್ಮ ಮನೆಗೆ ಬರಲಿಲ್ಲ. ನಿನ್ನಮ್ಮ ಕಾಗದವನ್ನು ಫಿಕ್ರಿಯಿಂದ ಓದಿಸಿಕೊಂಡು, "ಹಾಗಾದ್ರೆ ನಮ್ಮ ಮೂರು ದಿನ ಮುಗೀತು ಅನ್ನು" ಎಂದಳೆಂದು ಅಪ್ಪ ಬಂದು ಹೇಳಿದ. ಆ ಸಲ ಅವಳು ನಗಲಿಲ್ಲವಂತೆ.

ಸೆಪ್ಟೆಂಬರಿನಲ್ಲಿ ಶುರುವಾಗಿ ಅಕ್ಟೋಬರ್ ಮುಗಿಯುವಷ್ಟರಲ್ಲಿ ಹನ್ನೊಂದು ಮನೆಗಳೂ ಹೋದವು. ರಾಮಿಜ್ ಮೇಸ್ತ್ರಿ ತೊಲೆಗಳನ್ನು ಎಳೆಯಲಿಲ್ಲ, ಗೋಡೆಯ ಮಟ್ಟಕ್ಕೆ ಗರಗಸದಿಂದ ಕೊಯ್ದ. ತುದಿ ಒಳಗೇ ಉಳಿಯಲಿ, ಅಷ್ಟಾದರೂ ಹಿಡಿತ ಇರಲಿ ಎಂದ. ನಾನು ಕಣ್ಣಾರೆ ನೋಡಿದ್ದೇನೆ. ಇದನ್ನು ನೀನು ಗಮನವಿಟ್ಟು ಓದಬೇಕು, ಬೆಹಿಜೆ. ಅವನು ಕೊಯ್ದ, ಎಳೆಯಲಿಲ್ಲ. ಎರಡು ಸಲ ಕಚೇರಿಗೆ ಬಂದು ಆಸರೆಗೆ ಮರದ ಕಂಬ ಕೊಡಿ ಎಂದೂ ಕೇಳಿದ. ಕಂಬ ಕೊಟ್ಟರೆ ಗೋಡೆ ಕಾಣುವುದಿಲ್ಲ ಎಂದು ಉತ್ತರ ಹೋಯಿತು. ಉತ್ತರ ಬರೆದದ್ದೂ ನಾನೇ.

ನಿಮ್ಮನ್ನು ಊರ ಹೊರಗಿನ ಹೊಸ ಫ್ಲ್ಯಾಟಿಗೆ ಕಳಿಸಿದರು. ಶಾದಿಯೆ ಚಿಕ್ಕಮ್ಮ ಮಾತ್ರ ದಿನಾ ಬಸ್ಸು ಹಿಡಿದು ಬರುತ್ತಿದ್ದಳು. ನಿಮ್ಮ ಹೊಸ್ತಿಲ ಕಲ್ಲೊಂದನ್ನು ಮೇಸ್ತ್ರಿ ತೆಗೆಯದೆ ಬಿಟ್ಟಿದ್ದ. ಗೋಡೆಗೆ ಒರಗಿ ಆ ಕಲ್ಲಿನ ಮೇಲೆ ಕೂತು ಬೀನ್ಸ್ ಸುಲಿಯುತ್ತಾ, ಬಿಸಿಲು ಕಾಯಿಸಿಕೊಳ್ಳುತ್ತಾ, ಹಮಾಮಿಗೆ ಹೋಗುವ ಹೆಂಗಸರನ್ನು ಮಾತಾಡಿಸುತ್ತಾ ಇರುತ್ತಿದ್ದಳು. ಫ್ಲ್ಯಾಟಿನಲ್ಲಿ ಯಾರೂ ಬೈಯುವವರಿಲ್ಲ, ಬೇಜಾರು ಎನ್ನುತ್ತಿದ್ದಳು. ಆ ಚಳಿಗಾಲದಲ್ಲಿ ಮಸೀದಿ ಆವರಣ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಗೊತ್ತೇ? ಕೆಳಗಿನ ರಸ್ತೆಯಿಂದಲೇ ಗುಮ್ಮಟ, ಸಮಾಧಿಯ ನೀಲಿ ಹೆಂಚು, ಅನ್ನಛತ್ರದ ಕೆಂಪು ಬಿಳಿ ಪಟ್ಟೆ ಎಲ್ಲ ಒಟ್ಟಿಗೆ. ಜನ ನಿಂತು ನೋಡುತ್ತಿದ್ದರು. ನನಗೆ ಹೆಮ್ಮೆಯಾಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಫೆಬ್ರವರಿ ಒಂಬತ್ತರಂದು ಏನಾಯಿತೆಂದು ನಿನಗೆ ಬೇರೆಯವರು ಹೇಳಿದ್ದಾರೆ. ಹಿಮ ಕರಗಿ ಗೋಡೆಯ ಹೊಟ್ಟೆಯೊಳಗೆ ನೀರು ಇಳಿದಿತ್ತು, ಗೋಡೆ ಕುಸಿಯಿತು.

ನಿನ್ನಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ನೀನು ನನ್ನ ಕೊರಳು ಹಿಡಿದು ಅತ್ತೆ. ರಾಮಿಜ್‌ನ ಕೈ ಕೊಳೆಯಲಿ ಎಂದು ಶಪಿಸಿದೆ. ನಾನು ನಿನ್ನ ಬೆನ್ನು ಸವರುತ್ತಾ ಇದ್ದೆ. ನೀನು ಅದನ್ನು ದುಃಖ ಎಂದುಕೊಂಡೆ.

ವಿಚಾರಣೆ ಮಾರ್ಚಿನಲ್ಲಿ ನಡೆಯಿತು. ಮೇಸ್ತ್ರಿ ತೊಲೆಗಳನ್ನು ಒರಟಾಗಿ ಎಳೆದು ಗೋಡೆ ಸಡಿಲ ಮಾಡಿದ ಎಂದು ಅಧಿಕಾರಿಗಳು ಬರೆದುಕೊಂಡಿದ್ದರು. ಅವನು ಗೋಡೆ ಮೊದಲೇ ವಾಲಿತ್ತು, ನೂಲು ಬಿಟ್ಟು ನೋಡಿದ್ದೇವೆ ಎಂದ. ಅವರು ನನ್ನ ಕಡೆ ತಿರುಗಿ ಕೇಳಿದರು. "ನನ್ನ ನಕ್ಷೆಯಲ್ಲಿ ವಾಲು ಇಲ್ಲ" ಎಂದೆ. ನೋಡು, ಆ ವಾಕ್ಯದಲ್ಲಿ ಒಂದಕ್ಷರ ಸುಳ್ಳಿಲ್ಲ. ಅದನ್ನು ನಾನು ಮನೆಯಲ್ಲಿ ಜೋಡಿಸಿಕೊಂಡು ಬಂದಿದ್ದೆ. ಮೇಸ್ತ್ರಿ ನನ್ನನ್ನು ನೋಡಿದ. ಕೋಪದಿಂದಲ್ಲ. ಪರಿಚಯದ ಬಾಗಿಲು ತಟ್ಟಿ, ತೆರೆದವರು ಬೇರೆ ಯಾರೋ ಆಗಿದ್ದರೆ ನೋಡುತ್ತಾರಲ್ಲ, ಹಾಗೆ.

ಅವನ ಪರವಾನಗಿ ಹೋಯಿತು. ನಲವತ್ತು ವರ್ಷ ಗುಮ್ಮಟಗಳನ್ನು ಹೊಲಿದವನು ಆಮೇಲೆ ಗೆಮ್ಲಿಕ್‌ನಲ್ಲಿ ಆಲಿವ್ ಮೂಟೆ ಹೊತ್ತ. ನನಗೆ ಬಡ್ತಿ ಬಂತು. ಎರಡು ವರ್ಷದ ಮೇಲೆ ಗೋಡೆಯನ್ನು ಒಳಗೆ ಕಾಂಕ್ರೀಟು ತುಂಬಿ, ಹೊರಗೆ ಹಳೆಯ ಕಲ್ಲು ಅಂಟಿಸಿ ಕಟ್ಟಿದರು. ಈಗ ಅದು ನಿಜವಾಗಿಯೂ ನೆಟ್ಟಗಿದೆ. ನಿನ್ನ ಮೂರು ಕಾಗದಗಳು ವಿಚಾರಣೆ ಮುಗಿದ ವರ್ಷವೇ ಬಂದಿದ್ದವು. ಒಂದರಲ್ಲಿ ನೀನು, "ಫಿಕ್ರಿಯನ್ನೂ ನಿನ್ನನ್ನೂ ಬಿಟ್ಟರೆ ಆ ಮನೆಯ ನೆನಪಿರುವವರು ನನಗೆ ಯಾರೂ ಇಲ್ಲ" ಎಂದು ಬರೆದಿದ್ದೆ. ನಾನು ಪೆನ್ನು ತೆಗೆಯುತ್ತಿದ್ದೆ, "ಪ್ರೀತಿಯ ಬೆಹಿಜೆ" ಎಂದು ಬರೆಯುತ್ತಿದ್ದೆ, ಮುಂದೆ ಯಾವ ಸಾಲು ಬರೆದರೂ ಅದರ ಹಿಂದೆ ಇನ್ನೊಂದು ಸಾಲು ನಿಂತಿರುತ್ತಿತ್ತು. ದೊಡ್ಡ ಹುದ್ದೆ ಸಿಕ್ಕಿ ಮರೆತಳು ಎಂದು ನೀನು ಅಂದುಕೊಂಡಿರುತ್ತೀ. ಹಾಗೆ ಅಂದುಕೊಳ್ಳಲಿ ಎಂದೇ ಬಿಟ್ಟೆ. ಅದು ನನಗೆ ಅಗ್ಗದ ಶಿಕ್ಷೆ. ಆಮೇಲಿನ ನನ್ನ ಇಡೀ ನೌಕರಿಯಲ್ಲಿ ಯಾವ ಗೋಡೆಯ ವಾಲನ್ನೂ ನಾನು ಬಚ್ಚಿಡಲಿಲ್ಲ. ಕೆಲಸ ನಿಲ್ಲಿಸುವ ಹೆಂಗಸು ಎಂದು ಹೆಸರಾದೆ. ಅದರಿಂದ ಲೆಕ್ಕ ತೀರುತ್ತದೆಂದು ನನಗೆ ನಾನೇ ಹೇಳಿಕೊಂಡೆ. ತೀರಲಿಲ್ಲ.

ನಿನ್ನ ಕಾಗದ ಬಂದ ವಾರವೇ ಗೆಮ್ಲಿಕ್‌ಗೆ ಹೋದೆ. ರಾಮಿಜ್ ಮೇಸ್ತ್ರಿ ಬದುಕಿದ್ದಾನೋ ಇಲ್ಲವೋ ಎಂದೂ ಗೊತ್ತಿರಲಿಲ್ಲ. ಬಂದರಿನ ಚಹಾ ಅಂಗಡಿಯಲ್ಲಿ ವಿಚಾರಿಸಿದರೆ ಮಗಳ ಮನೆ ತೋರಿಸಿದರು. ಎಂಬತ್ತನಾಲ್ಕು ವಯಸ್ಸು. ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಕಣ್ಣು ಮಂಜಾಗಿದೆ, ಕಿವಿ ಚುರುಕು. ನನ್ನ ಹೆಸರು ಹೇಳುತ್ತಿದ್ದಂತೆ ಮಗಳು ಚಹಾದ ತಟ್ಟೆ ಕೆಳಗಿಟ್ಟು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಆ ಅಳತೆ ಪುಸ್ತಕ ಒಯ್ದಿದ್ದೆ. ಆ ಪುಟ ತೆಗೆದು ಅವನ ಬೆರಳನ್ನು ಅಂಕಿಯ ಮೇಲೆ ಇಡಿಸಿ ಹೇಳಿದೆ.

"ಹದಿನೇಳು" ಎಂದ, ನಾನು ಓದುವ ಮೊದಲೇ. "ನಂಗೇನು ಮರೆತಿದೆಯಾ? ನೂಲಿನ ಕೆಳತುದೀಲಿ ಇದ್ದವನು ನಾನಲ್ವಾ?"

ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಕೈ ಅಡ್ಡ ತಂದ.

"ಅದನ್ನ ಕೇಳ್ಬೇಡ, ಎಂಜಿನಿಯರಮ್ಮ. ನನ್ಹತ್ರ ಇಲ್ಲ. ಹುಡುಕಿ ನೋಡಿದೀನಿ, ಇಲ್ಲ. ಚಹಾ ಇದೆ, ಕುಡಿ."

ಕುಡಿದೆ. ಕೆಳಗೆ ಯಾರೋ ಆಲಿವ್ ಬುಟ್ಟಿಗಳನ್ನು ಲಾರಿಗೆ ಏರಿಸುತ್ತಾ ಒಬ್ಬರನ್ನೊಬ್ಬರು ಛೇಡಿಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಬಿಟ್ಟು ಈಗ ಯಾಕೆ ಬಂದೆ ಎಂದು ಅವನೇ ಕೇಳಿದ. ಬೆಹಿಜೆ ಕಾಗದ ಬರೆದಿದ್ದಾಳೆ, ಮನೆಯ ನಕ್ಷೆ ಕೇಳಿದ್ದಾಳೆ ಎಂದೆ. ನಿನ್ನ ಹೆಸರು ಕೇಳಿ ಅವನು ಮುಖ ತಿರುಗಿಸಿದ.

"ಆ ಹುಡುಗಿ ಬಜಾರಿನಲ್ಲಿ ನನ್ನ ಮುಖಕ್ಕೆ ಉಗುಳಿದ್ಲು. ನಿಂಗೆ ಗೊತ್ತಾ? ನನ್ನ ಹೆಂಡ್ತಿ ಜೊತೆಗಿದ್ಲು. ಏನಂತ ಹೇಳ್ಲಿ? ಒರೆಸ್ಕೊಂಡು ಮನೆಗೆ ಹೋದೆ. ಅವಳದು ತಪ್ಪಿಲ್ಲ. ಅವಳಿಗೆ ಹಾಗೆ ಹೇಳಿದವರ ತಪ್ಪು." ಆಮೇಲೆ, ನಾನು ಎದ್ದಾಗ, ಹಿಂದಿನಿಂದ ಹೇಳಿದ. "ಬರೀತೀಯಾದ್ರೆ ಎರಡು ಕಡೆ ಬರಿ. ಒಂದು ಅವಳಿಗೆ. ಒಂದು ಕಚೇರಿಗೆ. ನನ್ನ ಹೆಸರು ಪೂರ್ತಿ ಬರಿ, ರಾಮಿಜ್ ಅಂತ ಬಿಡ್ಬೇಡ. ನನ್ನ ಮೊಮ್ಮಗಂದಿರು ಇದಾರೆ."

ಕಚೇರಿಗೆ ಕಳೆದ ಸೋಮವಾರ ಬರೆದೆ. ಪುಸ್ತಕದ ಪುಟವನ್ನೂ ಸಹಿ ಮಾಡಿದ ಹೇಳಿಕೆಯನ್ನೂ ನಾನೇ ಹೋಗಿ ಕೊಟ್ಟು ಬಂದೆ. ನಾನು ಕೆಲಸ ಕಲಿಸಿದ ಹುಡುಗಿಯೇ ಈಗ ಆ ಕುರ್ಚಿಯಲ್ಲಿದ್ದಾಳೆ. ಓದಿ, ಇದನ್ನು ತೆಗೆದುಕೊಳ್ಳಲೇಬೇಕೇ ಮೇಡಂ ಎಂದು ಕೇಳಿದಳು. ತೆಗೆದುಕೊಂಡು ಮುದ್ರೆ ಒತ್ತು ಎಂದೆ. ಅದರಲ್ಲಿ ಅವನ ಹೆಸರು ಪೂರ್ತಿ ಇದೆ, ತಂದೆಯ ಹೆಸರಿನ ಸಮೇತ. ಅವರು ಏನು ಮಾಡುತ್ತಾರೋ ತಿಳಿಯದು. ನುಸ್ರೆತ್ ಬೇ ಸತ್ತು ಹನ್ನೆರಡು ವರ್ಷವಾಯಿತು. ನಾನೊಬ್ಬಳೇ ಉಳಿದಿದ್ದೇನೆ, ಹಾಗಾಗಿ ಬರುವುದು ನನಗೇ ಬರಲಿ.

ನೀನು ಕ್ಷಮಿಸಬೇಕೆಂದು ನಾನು ಬರೆಯುತ್ತಿಲ್ಲ. ಆ ಮುದುಕನಿಗೆ ಎರಡು ಸಾಲು ಬರೆಯಬೇಕೆಂದು ಕೇಳುತ್ತಿದ್ದೇನೆ. ವಿಳಾಸ ನಕ್ಷೆಯ ಮೂಲೆಯಲ್ಲಿದೆ. ಬೇಗ ಬರೆ, ಅವನ ಎದೆ ಚೆನ್ನಾಗಿಲ್ಲ. ನನಗೆ ಬರೆಯಬೇಕಾಗಿಲ್ಲ. ಬರೆದರೆ ನಾನು ಓದುತ್ತೇನೆ, ಏನೇ ಬರೆದಿದ್ದರೂ.

ಫಿಕ್ರಿಯ ಹಣೆಗೆ ನನ್ನ ಪರವಾಗಿ ಕೈ ಇಡು. ಬೇಡವೆನಿಸಿದರೆ ಇಡಬೇಡ.

ನಿಮ್ಮ ಮಣೆಯ ಮೇಲೆ ಉಂಡವಳು,
ನೆಜಾಹತ್

ಮ.ಬ.: ಸಹಿ ಮಾಡಿ ಎರಡು ದಿನ ಇಟ್ಟುಕೊಂಡಿದ್ದೆ. ಇನ್ನೊಂದಿದೆ. ಕಚೇರಿಗೆ ಕೊಟ್ಟ ಹೇಳಿಕೆಯಲ್ಲಿ ಇದು ಇಲ್ಲ, ಮೇಸ್ತ್ರಿಗೂ ಹೇಳಲಿಲ್ಲ. ಫೆಬ್ರವರಿ ಒಂಬತ್ತರಂದು ಮಧ್ಯಾಹ್ನ ನಾನು ಅಲ್ಲಿದ್ದೆ. ನುಸ್ರೆತ್ ಬೇ ಇಬ್ಬರು ಅತಿಥಿಗಳನ್ನು ಕರೆತಂದಿದ್ದರು, ನಾನು ಅವರಿಗೆ ಗೋಡೆ ತೋರಿಸುತ್ತಿದ್ದೆ. ಶಾದಿಯೆ ಚಿಕ್ಕಮ್ಮ ಹೊಸ್ತಿಲ ಕಲ್ಲಿನ ಮೇಲೆ ಕೂತಿದ್ದಳು. ಮಡಿಲಿನ ಬೀನ್ಸಿನ ಮೇಲೆ ಕೆಂಪು ಪುಡಿ ಬಿದ್ದಿತ್ತು. ನನ್ನನ್ನು ಹತ್ತಿರ ಕರೆದು, ಅತಿಥಿಗಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, "ನೆಜಾ, ಬೆಳಿಗ್ಗೆಯಿಂದ ಗೋಡೆ ಉದುರ್ತಾ ಇದೆ ಕಣೇ. ಎದ್ದು ಆ ಕಡೆ ಕೂತ್ಕೊಳ್ಲಾ?" ಎಂದು ಕೇಳಿದಳು. ನಾನು ಮೇಲೆ ನೋಡಿದೆ. ಅತಿಥಿಗಳಲ್ಲಿ ಒಬ್ಬರು ಕ್ಯಾಮೆರಾ ಹಿಡಿದು ನಮ್ಮ ಕಡೆಗೇ ಬರುತ್ತಿದ್ದರು. "ಏನಾಗಲ್ಲ ಚಿಕ್ಕಮ್ಮ, ಕೂತ್ಕೋ" ಎಂದೆ. ಅವಳು ಕೂತಳು. ಓದಿದವಳು ಹೇಳಿದ್ದಾಳೆ ಎಂದು ಕೂತಳು.